ಅಡಗಿಸಿಟ್ಟುದನ್ನು ಅರಸುವ ಹವ್ಯಾಸ

ಅಂಕೋಲೆಯಿಂದ ಘಟ್ಟದ ದಿಕ್ಕಿಗೆ ಒಳಸರಿದು ಹಿಲ್ಲೂರನ್ನು ತಲುಪಿದ ಅಪರಿಚಿತನೊಬ್ಬನು ಯಾರದಾದರೂ ಮನೆಯ ದಾರಿಯನ್ನು ವಿಚಾರಿಸಿದರೆ, ಅವನಿಗೆ ದೊರೆಯುವ ಉತ್ತರದಲ್ಲಿ ಅಂಕೆಗಳಿರುವುದಿಲ್ಲ. ‘ಹೊಳೆಯ ಬದಿಗೆ ಇಳಿಯಿರಿ, ದೊಡ್ಡ ಮಾವಿನ ಮರ ಕಾಣುತ್ತದೆ, ಅದರ ಎಡಕ್ಕೆ ದಣಪೆ ದಾಟಿದರೆ ತೋಟ, ತೋಟದ ಆಚೆಗೆ ಮನೆ’ ಎಂಬಂತಹ ಮಾತು ಕೇಳಿಬರುತ್ತದೆ. ಮರ, ಹೊಳೆ, ದಣಪೆ, ತೋಟ ಇವೇ ನಮ್ಮ ಜನರ ಅಕ್ಷಾಂಶ ರೇಖಾಂಶಗಳು. ಆದರೆ ರಜೆಗೆಂದು ಪರದೇಶದಿಂದ ಅಜ್ಜನ ಮನೆಗೆ ಬಂದ ಮೊಮ್ಮಗನ ಕೈಯಲ್ಲಿ ಇಂದು ಬೇರೊಂದು ಬಗೆಯ ವಿಳಾಸವಿರುತ್ತದೆ. ಅದರಲ್ಲಿ ಮರವಿಲ್ಲ, ಹೊಳೆಯಿಲ್ಲ. ಎರಡು ಸಾಲು ಅಂಕೆಗಳು ಮಾತ್ರ. ‘ಅಜ್ಜಾ, ಈ ಅಂಕೆಗಳಿರುವ ಸ್ಥಳದಲ್ಲಿ ಯಾರೋ ಒಂದು ಡಬ್ಬಿಯನ್ನು ಅಡಗಿಸಿಟ್ಟಿದ್ದಾರಂತೆ, ಹುಡುಕೋಣ ಬಾ’ ಎಂದು ಅವನು ಕರೆದಾಗ ಅಜ್ಜನಿಗೆ ಅಚ್ಚರಿಯಾಗುವುದು ಸಹಜ.

ಆ ಹುಡುಗನು ಹೇಳುತ್ತಿರುವ ಹವ್ಯಾಸದ ಹೆಸರು ‘ಜಿಯೊಕ್ಯಾಶಿಂಗ್’. ಇಲ್ಲಿನ ‘ಕ್ಯಾಶ್’ ಎಂಬುದು ನಾವು ಅಂಗಡಿಯಲ್ಲಿ ಎಣಿಸಿಕೊಡುವ ನಗದು ಹಣವಲ್ಲ. ಅಡಗಿಸು ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದ, ಬಚ್ಚಿಟ್ಟ ದಾಸ್ತಾನು ಎಂಬ ಅರ್ಥದ ಪದವದು. ಒಬ್ಬನು ನೀರು ಹೊಗದ ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕವನ್ನೂ ಕೆಲವು ಅಗ್ಗದ ವಸ್ತುಗಳನ್ನೂ ಇಟ್ಟು, ಅದನ್ನು ಒಂದೆಡೆ ಮರೆಮಾಡಿ, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾನೆ. ಇತರರು ಉಪಗ್ರಹಗಳ ಸಂಕೇತವನ್ನು ಗ್ರಹಿಸುವ ಉಪಕರಣವನ್ನು ಹಿಡಿದು ಅದನ್ನು ಅರಸುತ್ತಾರೆ. ದೊರೆತರೆ ಪುಸ್ತಕದಲ್ಲಿ ಹೆಸರು ಬರೆದು, ಒಂದು ವಸ್ತುವನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಟ್ಟು, ಡಬ್ಬಿಯನ್ನು ಇದ್ದಲ್ಲಿಯೇ ಮರಳಿ ಅಡಗಿಸುತ್ತಾರೆ. ಗೆದ್ದವನಿಗೆ ಬಹುಮಾನವಿಲ್ಲ, ಸೋತವನಿಗೆ ದಂಡವಿಲ್ಲ. ಇಷ್ಟಾಗಿಯೂ ಜಗತ್ತಿನಲ್ಲಿ ಮೂವತ್ತು ಲಕ್ಷಕ್ಕೂ ಮಿಕ್ಕಿದ ಇಂತಹ ಡಬ್ಬಿಗಳಿವೆ. ಅಮೆರಿಕ, ಜರ್ಮನಿ ಮುಂತಾದ ದೇಶಗಳಲ್ಲಿ ಇವು ಹೆಚ್ಚು, ನಮ್ಮ ದೇಶದಲ್ಲಿ ಬಲು ವಿರಳ. ಆದುದರಿಂದ ಈ ಹವ್ಯಾಸಕ್ಕೆ ಕೈಯಿಕ್ಕುವ ಕುಟುಂಬಗಳು ಅದರ ಮೂಲವನ್ನೂ, ಉಪಕರಣಗಳ ಗುಣದೋಷಗಳನ್ನೂ, ನಮ್ಮ ನಾಡಿನ ಮಿತಿಗಳನ್ನೂ ಮೊದಲೇ ಅರಿತಿರುವುದು ಒಳಿತು.

ಹುಟ್ಟಿದ ಬಗೆ

ಈ ಆಟದ ಪೂರ್ವಜವೊಂದು ಇಂಗ್ಲೆಂಡಿನಲ್ಲಿದೆ. 1854ರಲ್ಲಿ ಡಾರ್ಟ್‌ಮೂರ್ ಎಂಬ ಬಯಲುಬೆಟ್ಟದ ಕ್ರ್ಯಾನ್‌ಮಿಯರ್ ಕೊಳದ ಬಳಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ಒಂದು ಸೀಸೆಯನ್ನಿಟ್ಟನು. ಅಷ್ಟು ದುರ್ಗಮವಾದ ಸ್ಥಳವನ್ನು ತಲುಪಿದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಬಿಟ್ಟು ಬರುವ ರೂಢಿ ಬೆಳೆಯಿತು. ಅದರ ಆಧುನಿಕ ರೂಪ ಹುಟ್ಟಿದ್ದು 2000ದ ಮೇ ತಿಂಗಳಿನಲ್ಲಿ. ಅಮೆರಿಕದ ಜಿಪಿಎಸ್ ಉಪಗ್ರಹಗಳ ನಿಖರ ಸಂಕೇತವನ್ನು ಅಲ್ಲಿಯವರೆಗೆ ಸೇನೆಗಾಗಿ ಕಾಯ್ದಿರಿಸಿ, ಸಾರ್ವಜನಿಕರಿಗೆ ಬೇಕೆಂದೇ ಕೆಡಿಸಿದ ಸಂಕೇತವನ್ನು ಕೊಡಲಾಗುತ್ತಿತ್ತು. ನೂರು ಮೀಟರುಗಳವರೆಗೆ ತಪ್ಪು ತೋರಿಸುವ ಯಂತ್ರದಿಂದ ಡಬ್ಬಿಯನ್ನು ಹುಡುಕುವುದೆಂತು? ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ನಿರ್ಬಂಧವನ್ನು ತೆಗೆಯುವುದಾಗಿ ಸಾರಿದರು, ಮರುದಿನ ಅದು ಜಾರಿಗೆ ಬಂದಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಪುಸ್ತಕ, ತಂತ್ರಾಂಶ, ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿಗಳನ್ನು ತುಂಬಿದ ಬಕೆಟ್ಟನ್ನಿಟ್ಟು ಅದರ ಅಂಕೆಗಳನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಕಂಡುಹಿಡಿದರು. ಸೇನೆಯು ತನ್ನ ಗುಟ್ಟೊಂದನ್ನು ಬಿಟ್ಟುಕೊಟ್ಟ ಮರುದಿನವೇ ಮನುಷ್ಯನು ಅದರಿಂದ ಕಣ್ಣುಮುಚ್ಚಾಲೆಯ ಆಟವೊಂದನ್ನು ಕಟ್ಟಿಕೊಂಡನು.

ಅಂಕೆಗಳ ಅರ್ಥ

ಸ್ಥಳವನ್ನು ಅಂಕೆಗಳಲ್ಲಿ ಹಿಡಿಯುವ ಶ್ರಮ ನಮ್ಮ ದೇಶಕ್ಕೆ ಹೊಸತಲ್ಲ. ಸಂತ ತೋಮಾಸರ ಹೆಸರಿನಿಂದ ನಮಗೆಲ್ಲ ಪರಿಚಿತವಾದ ಮದರಾಸಿನ ಬೆಟ್ಟದ ಬಳಿಯಲ್ಲಿಯೇ 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಸರಪಳಿಯನ್ನು ನೆಲಕ್ಕೆ ಹಾಸಿ ಅಳತೆಯನ್ನು ಆರಂಭಿಸಿದನು. ಮುಂದೆ ಇಡೀ ಉಪಖಂಡವನ್ನು ತ್ರಿಕೋನಗಳ ಬಲೆಯಲ್ಲಿ ಹಿಡಿದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಗೆ ಅದು ಮೊದಲ ಗೆರೆ. ಅಂದು ಆನೆ, ಎತ್ತು, ನೂರಾರು ಆಳುಗಳು ದಶಕಗಳ ಕಾಲ ಮಾಡಿದ ಕೆಲಸವನ್ನು ಇಂದು ಅಂಗೈಯಗಲದ ಯಂತ್ರವೊಂದು ಕ್ಷಣಾರ್ಧದಲ್ಲಿ ಮಾಡುತ್ತದೆ.

ಅದು ಹೇಗೆ? ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ದಿನಕ್ಕೆರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿದ್ದು, ಅದು ತನ್ನ ಸಮಯವನ್ನೂ ಸ್ಥಾನವನ್ನೂ ಸಾರುತ್ತಲೇ ಇರುತ್ತದೆ. ಸಂಕೇತ ತಲುಪಲು ಹಿಡಿದ ಸಮಯದಿಂದ ಯಂತ್ರವು ಉಪಗ್ರಹದ ದೂರವನ್ನು ಲೆಕ್ಕಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದಂಶ ತಪ್ಪಿದರೂ ಸ್ಥಳವು 300 ಮೀಟರ್ ತಪ್ಪುತ್ತದೆ. ಹಾಗಾಗಿ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು: ಮೂರು ಸ್ಥಳಕ್ಕಾಗಿ, ನಾಲ್ಕನೆಯದು ನಮ್ಮ ಯಂತ್ರದ ಅಗ್ಗದ ಗಡಿಯಾರವನ್ನು ತಿದ್ದಲಿಕ್ಕಾಗಿ. ನಮ್ಮ ಇಸ್ರೊ ಸಂಸ್ಥೆಯೂ 2013ರಿಂದ ಇಂತಹ ಉಪಗ್ರಹಗಳನ್ನು ಹಾರಿಸಿದೆ. 2016ರಲ್ಲಿ ಆ ವ್ಯವಸ್ಥೆಗೆ ‘ನಾವಿಕ್’ ಎಂಬ ಹೆಸರಿಡಲಾಯಿತು.

ಅಂಕೆಗಳನ್ನು ಓದುವಲ್ಲಿ ಹೊಸಬರು ಎಡವುವ ಒಂದು ಸ್ಥಳವಿದೆ. ಅಂಕೋಲಾ ಪಟ್ಟಣವು ಸರಿಸುಮಾರು 14 ಡಿಗ್ರಿ 40 ಮಿನಿಟ್ ಉತ್ತರ ಅಕ್ಷಾಂಶ, 74 ಡಿಗ್ರಿ 18 ಮಿನಿಟ್ ಪೂರ್ವ ರೇಖಾಂಶದಲ್ಲಿದೆ. ಒಂದು ಡಿಗ್ರಿಗೆ 60 ಮಿನಿಟುಗಳು. ಇದನ್ನು ಮರೆತು 14.40, 74.18 ಎಂದು ದಶಮಾಂಶದಲ್ಲಿ ಯಂತ್ರಕ್ಕೆ ಉಣಿಸಿದವನನ್ನು ಯಂತ್ರವು ಕುಮಟೆಯ ಎದುರಿನ ಅರಬ್ಬೀ ಸಮುದ್ರದ ನಡುವೆ ನಿಲ್ಲಿಸುತ್ತದೆ! ಸರಿಯಾದ ದಶಮಾಂಶ 14.667, 74.300. ಅಕ್ಷಾಂಶದ ಒಂದು ಮಿನಿಟ್ ಎಂದರೆ ನೆಲದ ಮೇಲೆ ಸುಮಾರು 1.85 ಕಿಲೋಮೀಟರ್, ಅದರ ಸಾವಿರದಲ್ಲೊಂದಂಶ ಸುಮಾರು 1.85 ಮೀಟರ್. ಜಿಯೊಕ್ಯಾಶಿಂಗ್‌ನವರು ಮಿನಿಟನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಬರೆಯುವುದರ ಮರ್ಮವಿದು: ಒಬ್ಬ ಆಳಿನ ಉದ್ದದಷ್ಟು ನೆಲವನ್ನು ಅದು ಬೆರಳಿಟ್ಟು ತೋರಿಸುತ್ತದೆ.

ಉಪಕರಣದ ಆಯ್ಕೆ

ಬೆರಳಿಟ್ಟು ತೋರಿಸುವುದು ಬೇರೆ, ಯಂತ್ರವು ಅಷ್ಟು ನಿಖರವಾಗಿ ಕಾಣುವುದು ಬೇರೆ. ಬಯಲಿನಲ್ಲಿ ಒಳ್ಳೆಯ ಗ್ರಾಹಕವೂ ಮೂರರಿಂದ ಐದು ಮೀಟರ್ ತಪ್ಪುತ್ತದೆ. ದಟ್ಟ ಮರಗಳ ಕೆಳಗೆ, ಘಟ್ಟದ ಗೋಡೆಗಳ ನಡುವಣ ಕಣಿವೆಯಲ್ಲಿ ತಪ್ಪು ಇನ್ನೂ ಹೆಚ್ಚು. ಆಕಾಶದ ಒಂದು ಪಾಲು ಮುಚ್ಚಿಹೋಗಿ, ಬಂಡೆಗೆ ಬಡಿದು ಮರಳಿದ ಸಂಕೇತವು ಯಂತ್ರವನ್ನು ವಂಚಿಸುತ್ತದೆ. ಆದುದರಿಂದ ಉಪಕರಣ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದು ದುಬಾರಿ’ ಎಂಬುದಲ್ಲ, ‘ಎಲ್ಲಿ ನಡೆಯಲಿದ್ದೇವೆ’ ಎಂಬುದು.

ಪಟ್ಟಣದಲ್ಲಿ, ಕಡಲತೀರದಲ್ಲಿ, ಊರ ಸುತ್ತಮುತ್ತ ಆಡುವವರಿಗೆ ಮನೆಯಲ್ಲಿರುವ ಮೊಬೈಲ್ ಫೋನೇ ಸಾಕು. ಬೇರೇನನ್ನೂ ಕೊಳ್ಳಬೇಕಾಗಿಲ್ಲ. ಫೋನಿನ ಜಿಪಿಎಸ್ ಕೆಲಸ ಮಾಡಲು ಮೊಬೈಲ್ ಸಿಗ್ನಲ್ ಬೇಕೇಬೇಕೆಂಬುದು ತಪ್ಪು ತಿಳಿವಳಿಕೆ. ಸಿಗ್ನಲ್ ಇದ್ದರೆ ಉಪಗ್ರಹಗಳು ಬೇಗ ಸಿಕ್ಕುತ್ತವೆ, ಇಲ್ಲದಿದ್ದರೆ ಸ್ವಲ್ಪ ತಡವಾಗುತ್ತದೆ, ಅಷ್ಟೆ. ಸಿಗ್ನಲ್ ಇಲ್ಲದಲ್ಲಿ ಮಾಯವಾಗುವುದು ನಕ್ಷೆ. ಘಟ್ಟದ ಅಡಿಯ ಊರುಗಳಲ್ಲಿ ಸಿಗ್ನಲ್ ಎಷ್ಟರಮಟ್ಟಿಗೆ ನಂಬಿಗಸ್ಥವೆಂಬುದು ನಮಗೆ ಗೊತ್ತಿದ್ದದ್ದೇ. ಆದುದರಿಂದ ಮನೆಯಿಂದ ಹೊರಡುವ ಮೊದಲೇ ಆ ಪ್ರದೇಶದ ನಕ್ಷೆಯನ್ನು ಫೋನಿನೊಳಗೆ ಇಳಿಸಿಕೊಳ್ಳಬೇಕು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಗಳು ಇದಕ್ಕಾಗಿ ಉಚಿತವಾಗಿ ದೊರೆಯುತ್ತವೆ. ಫೋನಿನ ನಿಜವಾದ ದೌರ್ಬಲ್ಯ ಬ್ಯಾಟರಿ, ಮಳೆ ಮತ್ತು ಗಾಜು. ಪವರ್‌ಬ್ಯಾಂಕ್ ಒಂದು, ಪ್ಲಾಸ್ಟಿಕ್ ಚೀಲ ಒಂದು, ಕೊರಳಿಗೆ ಹಾಕುವ ದಾರ ಒಂದು: ಈ ಮೂರಕ್ಕೆ ತಗಲುವ ಹಣ ಸ್ವಲ್ಪ, ಉಳಿಸುವ ಹಣ ಬಹಳ.

ದಿನವಿಡೀ ಬೆಟ್ಟ ಸುತ್ತುವವರಿಗೆ ಪ್ರತ್ಯೇಕ ಕೈಯಂತ್ರ ಉಪಯುಕ್ತ. ಗಾರ್ಮಿನ್ ಕಂಪನಿಯ ‘ಇಟ್ರೆಕ್ಸ್’ ಮಾಲಿಕೆ ಈ ಹವ್ಯಾಸಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಗುಣ ಎರಡು ಸಾಮಾನ್ಯ ಪೆನ್ಸಿಲ್ ಸೆಲ್ಲುಗಳಲ್ಲಿದೆ. ಸೆಲ್ಲು ಮುಗಿದರೆ ಹಳ್ಳಿಯ ಅಂಗಡಿಯಲ್ಲಿಯೂ ಬೇರೆ ಸಿಗುತ್ತದೆ. ‘22ಎಕ್ಸ್’ ಎಂಬ ಮಾದರಿಯು ಒಂದು ಜೋಡಿ ಸೆಲ್ಲಿನಲ್ಲಿ 25 ಗಂಟೆ ನಡೆಯುವುದೆಂದು ತಯಾರಕರ ಹೇಳಿಕೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 22ಎಕ್ಸ್‌ನಲ್ಲಿ ಒಳದಿಕ್ಸೂಚಿ ಇಲ್ಲ, ‘32ಎಕ್ಸ್’ನಲ್ಲಿದೆ. ದಿಕ್ಸೂಚಿಯಿಲ್ಲದ ಯಂತ್ರದ ಬಾಣವು ನಾವು ನಡೆಯುತ್ತಿರುವಾಗ ಮಾತ್ರ ದಿಕ್ಕು ತೋರಿಸುತ್ತದೆ, ನಿಂತೊಡನೆ ದಿಕ್ಕೆಡುತ್ತದೆ. ಡಬ್ಬಿಯ ಹತ್ತಿರ ಬಂದು ನಿಂತು ನಿಂತು ಹುಡುಕುವ ಈ ಆಟದಲ್ಲಿ ಆ ವ್ಯತ್ಯಾಸ ಚಿಕ್ಕದಲ್ಲ. ಇನ್ನು ‘ಐಪಿಎಕ್ಸ್7’ ಎಂಬ ಗುರುತು ಕಂಡರೆ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಯಂತ್ರ ಕೆಡದು ಎಂದರ್ಥ. ನಮ್ಮ ಕರಾವಳಿಯ ಮಳೆಯಲ್ಲಿ ಇದಕ್ಕಿಂತ ಕಡಿಮೆಯದನ್ನು ಕೊಳ್ಳುವುದು ಜಾಣತನವಲ್ಲ.

ಯಂತ್ರದ ಜೊತೆಗೆ ಬೇಕಾದವು ಮನೆಯಲ್ಲಿಯೇ ಇವೆ. ಎರಡು ಪೆನ್ನು ಅಥವಾ ಪೆನ್ಸಿಲ್. ನೆನೆದ ಕಾಗದದ ಮೇಲೆ ಪೆನ್ಸಿಲ್ ಲೇಸು. ಸಂದಿಯೊಳಗೆ ಇಣುಕಲು ಟಾರ್ಚ್, ಸಣ್ಣ ಡಬ್ಬಿಯಿಂದ ಸುರುಳಿ ಕಾಗದ ಎಳೆಯಲು ಚಿಮುಟ. ಉದ್ದನೆಯ ಕೋಲೊಂದು ಅತ್ಯಗತ್ಯ. ಕಲ್ಲಿನ ಸಂದಿಗೂ ಮರದ ಪೊಟರೆಗೂ ಕೈ ಹೋಗುವ ಮೊದಲು ಕೋಲು ಹೋಗಬೇಕು, ಹಾವು ಚೇಳುಗಳಿಗೆ ನಮ್ಮ ಆಟದ ನಿಯಮ ತಿಳಿಯದು. ಪಾದ ಮುಚ್ಚುವ ಬೂಟು, ಉದ್ದನೆಯ ಕಾಲುಚೀಲ, ಉಂಬಳ ಹತ್ತದಂತೆ ಸುಣ್ಣ ತಂಬಾಕಿನ ಪುಡಿ ಅಥವಾ ಉಪ್ಪಿನ ಗಂಟು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಸಣ್ಣ ಚೀಲ. ಕೊನೆಯದಾಗಿ, ಬ್ಯಾಟರಿ ಬೇಡದ ಸಾದಾ ದಿಕ್ಸೂಚಿ. ಹೊಸಬರು ಯಂತ್ರಕ್ಕೆ ಹಣ ಸುರಿದು ಬೂಟಿಗೆ ಜಿಪುಣತನ ಮಾಡುತ್ತಾರೆ. ಆದರೆ ದಾರಿ ತಪ್ಪಿಸಿಕೊಂಡವರಿಗಿಂತ ಕಾಲು ಉಳುಕಿಸಿಕೊಂಡವರೇ ಹೆಚ್ಚೆಂಬುದು ಬೆಟ್ಟ ಬಲ್ಲವರ ಮಾತು.

ಕೊಳ್ಳಬಾರದ ವಸ್ತು

ಇಲ್ಲಿ ಪರದೇಶದಲ್ಲಿರುವ ನಮ್ಮ ಬಂಧುಗಳಿಗೆ ವಿಶೇಷ ಎಚ್ಚರಿಕೆ ಅವಶ್ಯ. ಉಪಗ್ರಹದ ಸಂಕೇತವನ್ನು ಕೇವಲ ಗ್ರಹಿಸುವ ಯಂತ್ರ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಯಂತ್ರ ಬೇರೆ. ಮೊದಲನೆಯದು ಕಿವಿ, ಎರಡನೆಯದು ಬಾಯಿ. ವಿದೇಶಗಳಲ್ಲಿ ಪರ್ವತಾರೋಹಿಗಳು ಪ್ರಾಣರಕ್ಷಣೆಗಾಗಿ ಒಯ್ಯುವ ‘ಇನ್‌ರೀಚ್’ನಂತಹ ಸಂದೇಶಯಂತ್ರಗಳನ್ನೂ ಉಪಗ್ರಹ ಫೋನುಗಳನ್ನೂ ಪರವಾನಿಗೆಯಿಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವೆಯ ವಿಮಾನ ನಿಲ್ದಾಣದಲ್ಲಿ ಇಂತಹ ಯಂತ್ರವನ್ನು ಹೊಂದಿದ್ದ ವಿದೇಶಿ ಓಟಗಾರ್ತಿಯೊಬ್ಬರನ್ನು ತಡೆದಿರಿಸಲಾಯಿತು. ಅವರ ಮನಸ್ಸಿನಲ್ಲಿ ದುರುದ್ದೇಶವಿರಲಿಲ್ಲ. ಆದರೆ ತಿಳಿಯದೆ ಮಾಡಿದೆನೆಂಬುದು ಕಾನೂನಿನ ಮುಂದೆ ಸಾಲದು. ಕಾರವಾರ, ಅಂಕೋಲೆಯ ಬಹಳಷ್ಟು ಕುಟುಂಬಗಳು ಊರಿಗೆ ಬರುವುದು ಗೋವೆಯ ಮಾರ್ಗವಾಗಿಯೇ ಎಂಬುದರಿಂದ, ರಜೆಗೆ ಬರುವ ಮಕ್ಕಳ ಚೀಲದಲ್ಲಿ ಏನಿದೆಯೆಂದು ಹೊರಡುವ ಮೊದಲೇ ವಿಚಾರಿಸುವುದು ಕ್ಷೇಮ.

ಇಡುವ ಮೊದಲು ಯೋಚಿಸಿ

ಹುಡುಕುವುದಕ್ಕಿಂತ ಇಡುವುದು ಹೆಚ್ಚು ಹೊಣೆಯ ಕೆಲಸ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಅಡಗಿಸಿಟ್ಟ ಡಬ್ಬಿಯೊಂದನ್ನು ಬಾಂಬೆಂದು ಭಾವಿಸಿ ಸೇನೆಯ ತಜ್ಞರನ್ನು ಕರೆಸಬೇಕಾಯಿತು. ಅಲ್ಲಿಯೇ ಹೀಗಾದರೆ ನಮ್ಮಲ್ಲಿ ಹೇಗೆ? ಕಾರವಾರದಲ್ಲಿ 2005ರಿಂದ ಕದಂಬ ನೌಕಾನೆಲೆಯಿದೆ, ಕೈಗಾದಲ್ಲಿ ಅಣುವಿದ್ಯುತ್ ಕೇಂದ್ರವಿದೆ. ಇವುಗಳ ಪರಿಸರದಲ್ಲಿ, ರೈಲ್ವೆ ನಿಲ್ದಾಣ, ಸೇತುವೆ, ಅಣೆಕಟ್ಟುಗಳ ಬಳಿಯಲ್ಲಿ ಡಬ್ಬಿ ಇಡುವ ವಿಚಾರವನ್ನೇ ಬಿಡಬೇಕು. ಕಾಯ್ದಿಟ್ಟ ಅರಣ್ಯಕ್ಕೂ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಉಳಿದ ಜಾಗಗಳಲ್ಲಿಯೂ ನೆಲದ ಒಡೆಯನನ್ನು ಕೇಳಿಯೇ ಇಡಬೇಕು. ನಮ್ಮ ಕಡೆ ಬೇಣಕ್ಕೂ ಬೆಟ್ಟಕ್ಕೂ ಹಕ್ಕುದಾರರಿರುತ್ತಾರೆ. ಖಾಲಿ ಕಂಡ ನೆಲವೆಲ್ಲ ಯಾರದೂ ಅಲ್ಲವೆಂದಲ್ಲ.

ಡಬ್ಬಿಯು ಪಾರದರ್ಶಕವಾಗಿದ್ದರೆ ಅನುಮಾನಕ್ಕೆ ಎಡೆ ಕಡಿಮೆ. ಅದರ ಮೇಲೆ ಇದು ಆಟದ ಡಬ್ಬಿಯೆಂದು ಕನ್ನಡದಲ್ಲಿಯೇ ಬರೆದಿರಬೇಕು. ತಿಂಡಿಯನ್ನು ಇಡಕೂಡದು, ಇರುವೆಯೂ ಮಂಗನೂ ಹಂದಿಯೂ ನಮಗಿಂತ ಬೇಗ ಕಂಡುಹಿಡಿಯುತ್ತವೆ. ನೆಲ ಅಗೆದು ಹೂಳುವುದು, ಮರಕ್ಕೆ ಮೊಳೆ ಹೊಡೆಯುವುದು ಆಟದ ನಿಯಮಕ್ಕೇ ವಿರುದ್ಧ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ರಬ್ಬರಿನ ಅಂಚುಳ್ಳ ಮುಚ್ಚಳವಿಲ್ಲದ ಡಬ್ಬಿ ಒಂದು ಮಳೆಗಾಲವನ್ನೂ ದಾಟದು. ಡಬ್ಬಿಯೇ ಇಲ್ಲದ ಬಗೆಯೊಂದೂ ಉಂಟು. ‘ಅರ್ತ್‌ಕ್ಯಾಶ್’ ಎಂಬ ಅದರಲ್ಲಿ ಒಂದು ಬಂಡೆ, ಜಲಪಾತ ಅಥವಾ ಕಡಲತೀರದ ಭೂರಚನೆಯನ್ನು ನೋಡಿ, ಪ್ರಶ್ನೆಗಳಿಗೆ ಉತ್ತರ ಬರೆಯುವುದೇ ಆಟ. ಯಾಣದ ಕರಿಬಂಡೆಗಳನ್ನು ನೆರೆಯಲ್ಲಿಟ್ಟುಕೊಂಡ ನಮಗೆ ಏನನ್ನೂ ಬಿಟ್ಟುಬಾರದ ಈ ಬಗೆಯೇ ಹೆಚ್ಚು ಒಪ್ಪುವಂತಹದು.

ಶಿರೂರಿನ ನೆನಪು

ಅಂಕೋಲಾ ತಾಲೂಕಿನಲ್ಲಿ ಕುಳಿತು ‘ಹುಡುಕಾಟ’ ಎಂಬ ಪದವನ್ನು ಹಗುರವಾಗಿ ಬರೆಯುವುದು ಇಂದು ಸಾಧ್ಯವಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಿದ್ದಿತು, ಗಂಗಾವಳಿ ನದಿಯವರೆಗೂ ಹಬ್ಬಿತು. ಚಹದಂಗಡಿಯ ಕುಟುಂಬವೂ ಹಾದಿಹೋಕರೂ ಅಸುನೀಗಿದರು. ಕೇರಳದ ಲಾರಿ ಚಾಲಕನೊಬ್ಬನಿಗಾಗಿ ನಡೆದ ಶೋಧವನ್ನು ಎರಡು ರಾಜ್ಯಗಳ ಜನ ಉಸಿರು ಬಿಗಿಹಿಡಿದು ನೋಡಿದರು. ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ ಸ್ಥಳ ತಿಳಿದಿತ್ತು. ಆದರೂ ನದಿಯೊಳಗಿಂದ ಲಾರಿಯೂ ಅದರೊಳಗಿನ ದೇಹವೂ ದೊರೆತದ್ದು ಸೆಪ್ಟೆಂಬರ್ 25ರಂದು. ಅಂಕೆಗಳು ಹೇಳುವುದು ವಸ್ತುವು ಕೊನೆಯದಾಗಿ ಎಲ್ಲಿತ್ತೆಂಬುದನ್ನು ಮಾತ್ರ. ಮಣ್ಣು ಮತ್ತು ನೀರು ಅನಂತರ ಏನು ಮಾಡಿದವೆಂಬುದನ್ನಲ್ಲ.

ಇದರಿಂದ ಹವ್ಯಾಸಿಗಳು ಕಲಿಯಬೇಕಾದ ಪಾಠಗಳು ಸ್ಪಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಇಳಿಜಾರು, ಹಳ್ಳ, ಹೊಳೆದಂಡೆಗಳಲ್ಲಿ ಈ ಆಟ ಬೇಡವೇ ಬೇಡ. ಉಳಿದ ಋತುಗಳಲ್ಲಿಯೂ ಹೋಗುವ ಸ್ಥಳದ ಅಂಕೆಗಳನ್ನು ಕಾಗದದ ಮೇಲೆ ಬರೆದು, ಮರಳುವ ಹೊತ್ತನ್ನೂ ನಮೂದಿಸಿ, ಮನೆಯ ಹಿರಿಯರ ಕೈಗೆ ಕೊಟ್ಟು ಹೊರಡಬೇಕು. ಒಬ್ಬಂಟಿಯಾಗಿ ಹೋಗಬಾರದು. ಹತ್ತು ಸಾವಿರ ರೂಪಾಯಿಯ ಯಂತ್ರಕ್ಕಿಂತ ಅಡುಗೆಮನೆಯ ಗೋಡೆಗೆ ಅಂಟಿಸಿದ ಆ ಒಂದು ಚೀಟಿ ಹೆಚ್ಚು ಬೆಲೆಯುಳ್ಳದ್ದಾಗಬಹುದು.

ಸ್ಥಳವೆಂದರೇನು?

ಅರಿಸ್ಟಾಟಲನು ತನ್ನ ‘ಭೌತಶಾಸ್ತ್ರ’ದ ನಾಲ್ಕನೆಯ ಪುಸ್ತಕದಲ್ಲಿ ಸ್ಥಳವೆಂದರೇನೆಂದು ವಿಚಾರಮಾಡಿ, ವಸ್ತುವನ್ನು ಸುತ್ತುವರಿದಿರುವುದರ ಒಳ ಅಂಚೇ ಅದರ ಸ್ಥಳವೆಂಬ ನಿರ್ಣಯಕ್ಕೆ ಬಂದನು. ಅಂದರೆ ನೆರೆಹೊರೆಯಿಲ್ಲದೆ ಸ್ಥಳವಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಬಳಿಕ, 1637ರಲ್ಲಿ ರೇಖಾಗಣಿತದ ಗ್ರಂಥವನ್ನು ಪ್ರಕಟಿಸಿದ ದೆಕಾರ್ತನು ಬಿಂದುವನ್ನು ಅಂಕೆಗಳಲ್ಲಿ ಹಿಡಿಯುವ ಹಾದಿಯನ್ನು ತೆರೆದನು. ಅಲ್ಲಿ ನೆರೆಹೊರೆ ಬೇಕಿಲ್ಲ, ಎರಡು ಅಂಕೆ ಸಾಕು. ಹಿಲ್ಲೂರಿನ ದಾರಿ ಹೇಳುವವನು ತನಗರಿವಿಲ್ಲದೆಯೇ ಅರಿಸ್ಟಾಟಲನ ಪಕ್ಷದವನು. ಮೊಮ್ಮಗನ ಯಂತ್ರ ದೆಕಾರ್ತನದು. ಈ ಆಟದ ಸೊಗಸೆಂದರೆ ಅದು ಇಬ್ಬರನ್ನೂ ಜೊತೆಗೂಡಿಸುತ್ತದೆ. ಯಂತ್ರವು ಐದಾರು ಮೀಟರಿನ ಸುತ್ತಳತೆಗೆ ತಂದು ನಿಲ್ಲಿಸಿ ಮೌನವಾಗುತ್ತದೆ. ಅಲ್ಲಿಂದ ಮುಂದೆ ಬೇಕಾದುದು ಕಣ್ಣು: ಯಾವ ಕಲ್ಲು ತನ್ನಷ್ಟಕ್ಕೆ ಬಿದ್ದಿದೆ, ಯಾವುದನ್ನು ಯಾರೋ ಇಟ್ಟಿದ್ದಾರೆ, ಯಾವ ತರಗೆಲೆ ಕದಲಿದೆ ಎಂಬ ಅರಿವು.

ಆ ಕಣ್ಣಿಗೆ ನಮ್ಮ ತಾಲೂಕಿನಲ್ಲಿಯೇ ಒಂದು ಮೇಲ್ಪಂಕ್ತಿಯಿತ್ತು. ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ದುಡಿಯುತ್ತ, ಕಾಡಿನೊಳಗೆ ಬೀಜಕ್ಕೆ ತಕ್ಕ ತಾಯಿಮರ ಯಾವುದೆಂದು ಗುರುತಿಸುವುದರಲ್ಲಿ ಅವರು ಪ್ರಸಿದ್ಧರಾಗಿದ್ದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು, 2024ರ ಡಿಸೆಂಬರ್ 16ರಂದು ಅವರು ನಿಧನ ಹೊಂದಿದರು. ಅವರ ಕೈಯಲ್ಲಿ ಯಂತ್ರವಿರಲಿಲ್ಲ. ಅವರು ಅರಸಿದ್ದು ಇನ್ನೊಬ್ಬರು ಬಚ್ಚಿಟ್ಟ ಡಬ್ಬಿಯನ್ನೂ ಅಲ್ಲ. ಆದರೆ ಅಡಗಿರುವುದನ್ನು ಕಾಣಲು ಮೊದಲು ಎದುರಿಗಿರುವುದನ್ನು ಚೆನ್ನಾಗಿ ನೋಡಬೇಕೆಂಬುದಕ್ಕೆ ಅವರ ಬಾಳು ಸಾಕ್ಷಿ.

ಆದುದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಮುಂದಿನ ರಜೆಯಲ್ಲಿ ಮಕ್ಕಳು ಈ ಹವ್ಯಾಸದ ಮಾತೆತ್ತಿದರೆ ಅಂಗಡಿಗೆ ಓಡಬೇಡಿ, ಗದರಿಸಲೂ ಬೇಡಿ. ಮನೆಯ ಫೋನಿನಿಂದಲೇ ಆರಂಭಿಸಿ. ನಿಮ್ಮ ಸ್ವಂತ ಹಿತ್ತಿಲಿನಲ್ಲಿ, ತೋಟದಲ್ಲಿ ಐದು ಡಬ್ಬಿಗಳನ್ನು ಅಡಗಿಸಿ, ಅಂಕೆಗಳನ್ನು ಬರೆದುಕೊಡಿ. ಮಕ್ಕಳೊಡನೆ ಅಜ್ಜ ಅಜ್ಜಿಯರನ್ನೂ ಕಳುಹಿಸಿ. ಯಂತ್ರವು ನಿಂತ ಜಾಗದಲ್ಲಿ ಅಜ್ಜನು ಆ ಬೈಲಿನ ಹೆಸರನ್ನೂ, ಆ ಮರವನ್ನು ನೆಟ್ಟವರ ಕಥೆಯನ್ನೂ, ಹಿಂದೆ ಅಲ್ಲಿ ಹರಿಯುತ್ತಿದ್ದ ತೊರೆಯ ಸುದ್ದಿಯನ್ನೂ ಹೇಳಲಿ. ಮೊಮ್ಮಗನು ಅವನ್ನು ಡಬ್ಬಿಯ ಪುಸ್ತಕದಲ್ಲಿ ಬರೆದಿಡಲಿ. ಬರೆದಿಡದ ಆ ಹೆಸರುಗಳು ಹಿರಿಯರೊಂದಿಗೇ ಮಣ್ಣಾಗುತ್ತಿವೆ, ಯಾವ ಉಪಗ್ರಹವೂ ಅವನ್ನು ಮರಳಿ ಹುಡುಕಿಕೊಡಲಾರದು.